ಔಷಧಿ ಕೋಣೆಯ ಹೆಬ್ಬೆಟ್ಟು

…ಅದನ್ನೇ ಹೇಳ್ತಿರೋದು ಅತ್ತಿಗೆ, ಮಿಷನ್‌ಗೆ ನಿಮ್ಮ ಮೇಲೆ ಹಗೆ ಇಲ್ಲ. ನೀವು ಹೆಡ್ ನರ್ಸು, ನಾನು ನಿಮ್ಮ ಮೈದುನ, ಇದೆಲ್ಲ ಅದಕ್ಕೆ ಬೇಕಾಗಿಲ್ಲ. ಹೆಬ್ಬೆರಳು ಇಟ್ಟರೆ ಹೆಸರು ಹೇಳುತ್ತೆ, ಬಾಗಿಲು ತೆಗೆಯುತ್ತೆ. ಅಷ್ಟೇ ಅದರ ಸಂಸಾರ. ಮೊನ್ನೆ ಔಷಧಿ ಕೋಣೆಯಿಂದ ನೋವಿನ ಇಂಜೆಕ್ಷನ್ ಡಬ್ಬ ಮಾಯವಾಯ್ತು. ಇಡೀ ದಿನ ಬಾಗಿಲು ತೆಗೆದವರು ಯಾರು ಅಂತ ನೋಡಿದ್ರೆ ಬರೀ ನಿಮ್ಮ ಹೆಸರು. ಅದಕ್ಕೆ ನಾನೇನು ಮಾಡಲಿ?

ಕೂತ್ಕೊಳ್ಳಿ. ಆ ಕುರ್ಚಿ ಬೇಡ, ಕಾಲು ಅಲ್ಲಾಡುತ್ತೆ. ನೋಡಿದ್ರಲ್ಲ ಈ ಆಸ್ಪತ್ರೆಯವರು ನನಗೆ ಕೊಟ್ಟಿರೋ ಆಫೀಸನ್ನ? ಈ ಕಡೆ ಕೆಟ್ಟ ಮಾನಿಟರುಗಳು, ಆ ಕಡೆ ಮುರಿದ ವೀಲ್‌ಚೇರು, ನಡುವೆ ನಾನು. ಕಂಪ್ಯೂಟರ್ ರಿಪೇರಿಯವನು ಅಂದ್ರೆ ಅವನೂ ಗುಜರಿ ಸಾಮಾನೇ ಇವರ ಪಾಲಿಗೆ.

ಮೇಲೆ ಸೂಪರಿಂಟೆಂಡೆಂಟ್ ರೂಮಲ್ಲಿ ವಿಚಾರಣೆ ಶುರುವಾಗೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಅಷ್ಟರೊಳಗೆ ಮನಸ್ಸು ಮಾಡಿ. ಕದ್ದೆ ಅಂತ ಹೇಳಿ ಅಂದ್ನಾ ನಾನು? 'ತುರ್ತಿತ್ತು, ತಗೊಂಡೆ, ಬರೆಯೋದು ಮರೆತೆ' ಅನ್ನಿ. ದೊಡ್ಡಸ್ತಿಕೆ ಹೋಗುತ್ತೆ, ಕೆಲಸ ಉಳಿಯುತ್ತೆ. ಇಲ್ಲ ಇಲ್ಲ ಅಂತ ಹಟ ಹಿಡಿದ್ರೆ ಕೆಲಸವೂ ಹೋಗುತ್ತೆ, ಮನೆ ಬಾಗಿಲಿಗೆ ಪೊಲೀಸೂ ಬರ್ತಾರೆ. ಅಣ್ಣ ತಲೆ ಎತ್ಕೊಂಡು ಓಡಾಡೋ ಹಾಗಿರಲ್ಲ.

ಯಾಕೆ ನಗ್ತೀರಿ? ನಗೋ ಅಂಥದ್ದು ಏನು ಹೇಳಿದೆ?

ಮೊನ್ನೆ ಆಪರೇಷನ್ ಥಿಯೇಟರಲ್ಲಿದ್ರಿ. ಗೊತ್ತು. ಬೆಳಿಗ್ಗೆಯಿಂದ ಸರ್ಜನ್ ಪಕ್ಕದಲ್ಲೇ ನಿಂತಿದ್ರಿ, ಅದೂ ಗೊತ್ತು. ಆ ಸರ್ಜನ್ ಬಂದು ಸಾಕ್ಷಿ ಹೇಳ್ತಾರೆ ಅಂದ್ಕೊಂಡಿದ್ದೀರಾ? ಮಾಸ್ಕು ಹಾಕ್ಕೊಂಡು ನಾಲ್ಕು ಜನ ನಿಂತಿದ್ರೆ ಕತ್ತರಿ ಕೊಟ್ಟೋರು ಯಾರು ಅಂತ ಆ ಮನುಷ್ಯ ಕತ್ತೆತ್ತಿ ನೋಡಿದವರಾ? ಇನ್ನು ನಿಮ್ಮ ನರ್ಸುಗಳು. ಅವತ್ತು ತಾವೂ ಆ ಬಾಗಿಲು ತೆಗೆದಿದ್ವಿ ಅಂತ ಒಬ್ಬಳಾದರೂ ಬಾಯಿ ಬಿಡ್ತಾಳಾ? ಬಿಟ್ಟರೆ ತಾನೂ ಕಳ್ಳರ ಸಾಲಿಗೆ ಸೇರಬೇಕಲ್ಲ. ಅಕ್ಕ ಅಕ್ಕ ಅಂತ ನಿಮ್ಮ ಹಿಂದೆ ಸುತ್ತುತ್ತಿದ್ದವರು ಈಗ ನಿಮ್ಮನ್ನ ಕಂಡ್ರೆ ಗೋಡೆ ಕಡೆ ಮುಖ ತಿರುಗಿಸ್ತಾರೆ.

ಮಿಷನ್‌ಗೆ ಏನಾಗಿತ್ತಾ? ಹೇಳಿದ್ರೆ ನಿಮಗೆ ಅರ್ಥ ಆಗ್ಬೇಕಲ್ಲ. ಸರಿ, ಕೇಳಿ. ಮೊನ್ನೆ ಬೆಳಿಗ್ಗೆ ಆ ಅಕೌಂಟೆಂಟ್ ಮಹಾನುಭಾವ ಔಷಧಿ ಕೋಣೆಯ ಹಳೇ ಕಂಪ್ಯೂಟರ್ ಎತ್ತಿಸಿ ಈ ಲ್ಯಾಪ್‌ಟಾಪ್ ಇಡಿಸಿದ. ನನ್ನನ್ನ ಒಂದು ಮಾತು ಕೇಳಲಿಲ್ಲ. ಥಂಬ್ ಮಿಷನ್ ಸಿಕ್ಕಿಸಿದ್ರೆ ದೀಪವೇ ಬರಲಿಲ್ಲ. ಲೈಬ್ರರಿ ಫೈಲು ಸಿಗ್ತಿಲ್ಲ ಅಂತ ಸ್ಕ್ರೀನ್ ಮೇಲೆ ಬಂತು. ಅದನ್ನ ಓದಿ ಅವನು ಏನಂದ ಗೊತ್ತಾ? 'ನಮ್ಮಲ್ಲಿ ಲೈಬ್ರರಿ ಎಲ್ಲಿದೆ, ಕಾಲೇಜಲ್ಲಿ ಕೇಳಬೇಕಷ್ಟೆ.' ಎರಡು ಡಿಗ್ರಿ ಮಾಡಿದ್ದಾನಂತೆ. ಹೆಬ್ಬೆಟ್ಟು.

ಪುಸ್ತಕದ ಲೈಬ್ರರಿ ಅಲ್ಲ ಅತ್ತಿಗೆ. ಈ ಗಾಜಿದೆಯಲ್ಲ, ಇದು ಬೆರಳಿನ ಫೋಟೋ ತೆಗೆಯುತ್ತೆ, ಅಷ್ಟೇ ಇದರ ಯೋಗ್ಯತೆ. ಬೆರಳು ಯಾರದ್ದು ಅಂತ ಗುರುತು ಹಿಡಿಯೋದು ಆ ಫೈಲು. ಅದು ಇಲ್ದಿದ್ರೆ ಇದು ಬರೀ ಕನ್ನಡಿ. ಮಿಷನ್ ಮಾರಿದ ಕಂಪನಿಗೆ ಫೋನ್ ಮಾಡಿದೆ. 'ಆಫ್ ಮಾಡಿ ಆನ್ ಮಾಡಿದ್ರಾ ಸಾರ್' ಅಂತ ಕೇಳ್ತಾಳೆ ಅಲ್ಲಿನ ಹುಡುಗಿ. ಹೊಸ ಫೈಲು ಕಳಿಸೋಕೆ ಮೇಲಿನವರನ್ನ ಕೇಳಬೇಕಂತೆ, ಅವರು ಅವರ ಮೇಲಿನವರನ್ನ ಕೇಳಬೇಕಂತೆ. ಇನ್ನು ಫೈಲು ಇಡೋ ಜಾಗವೋ, ಅದೊಂದು ಹುಚ್ಚಾಸ್ಪತ್ರೆ. ಮೂವತ್ತೆರಡು ಅಂತ ಹೆಸರಿರೋ ಫೋಲ್ಡರಲ್ಲಿ ಅರವತ್ತನಾಲ್ಕರ ಫೈಲು ಇಡಬೇಕು, ಅರವತ್ತನಾಲ್ಕು ಅಂತ ಇರೋದ್ರಲ್ಲಿ ಮೂವತ್ತೆರಡರದ್ದು. ಬೋರ್ಡು ಒಂದು, ಅಂಗಡಿ ಇನ್ನೊಂದು. ಅತ್ತ ನಿಮ್ಮ ನರ್ಸುಗಳು ಬಾಗಿಲ ಮುಂದೆ ಸಾಲುಗಟ್ಟಿ ನಿಂತು 'ಆಯ್ತಾ, ಆಯ್ತಾ' ಅಂತ ನನ್ನ ಪ್ರಾಣ ಹಿಂಡ್ತಿದ್ರು.

ನಾನೇ ಫೈಲು ಹಾಕಿದೆ. ಹಸಿರು ದೀಪ ಬಂತು. ಬಾಗಿಲು ಟಕ್ ಅಂತ ತೆಗೀತು. ಆ ಅಕೌಂಟೆಂಟ್ ನನ್ನ ಬೆನ್ನು ಬೇರೆ ತಟ್ಟಿದ, ಎತ್ತಿಗೆ ತಟ್ಟಿದ ಹಾಗೆ.

ಎಲ್ಲಿಂದ ಅಂದ್ರೆ? ಇತ್ತು ನನ್ನ ಹತ್ರ. ಇದೇ ಮಿಷನ್ನಿನ ಹಳೇ ಮಾಡೆಲ್ಲಿನದು. ಅಣ್ಣನ ಅಂಗಿ ತಮ್ಮ ಹಾಕ್ಕೊಳ್ಳಲ್ವಾ? ಹಾಗೆ. ತೋಳು ಒಂಚೂರು ಉದ್ದ ಇರಬಹುದು, ಮೈ ಮುಚ್ಚುತ್ತೋ ಇಲ್ವೋ?

ಹಾಗೆ ನೋಡಬೇಡಿ. ನನಗೆ ಕೆಲಸ ಕೊಡಿಸಿದ್ದು ನೀವು, ಗೊತ್ತು. ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀರಲ್ಲ, 'ನಮ್ಮ ಮೈದುನ ಕಂಪ್ಯೂಟರಲ್ಲಿ ಭಾರಿ ಬುದ್ಧಿವಂತ' ಅಂತ. ಇಂಗ್ಲಿಷ್ ಒಂದು ಸಾಲು ನೆಟ್ಟಗೆ ಓದೋಕೆ ಬರದವರ ಕೈಯಲ್ಲಿ ಬುದ್ಧಿವಂತ ಅನ್ನಿಸ್ಕೊಂಡು ನಾನು ಉದ್ಧಾರ ಆದೆ. 'ಮಿಷನ್ ಪರೀಕ್ಷೆ ಮಾಡಿದ್ಯೇನಯ್ಯಾ' ಅಂತ ಸೂಪರಿಂಟೆಂಡೆಂಟ್ ಕೇಳಿದ್ರು. 'ಮಾಡಿದೆ ಸಾರ್, ಬಂಗಾರದಂಗಿದೆ' ಅಂದೆ. ಅವರಿಗೂ ಅಷ್ಟೇ ಬೇಕಿತ್ತು. ಮೊನ್ನೆ ಸಂಜೆಯೇ ಬಾಗಿಲಿಗೆ ಮಾಮೂಲಿ ಬೀಗ ಜಡಿಸಿದ್ರು, ಈ ಮಿಷನ್ ಬಿಚ್ಚಿ ಲ್ಯಾಪ್‌ಟಾಪ್ ಸಮೇತ ನನ್ನ ಮೇಜಿನ ಮೇಲೆ ಹಾಕಿದ್ರು. ಆಮೇಲೆ ಇದನ್ನ ಯಾರೂ ಮುಟ್ಟಿಲ್ಲ.

ಏನು? ಯಾಕೆ ಇದನ್ನ ನನ್ನ ಕಡೆ ತಳ್ತೀರಿ?

ನಾನು ಬೆರಳು ಇಡಬೇಕಾ? ನನ್ನ ಬೆರಳು ಇದರಲ್ಲಿ ಇಲ್ವೇ ಇಲ್ಲವಲ್ಲ ಅತ್ತಿಗೆ. ಔಷಧಿ ಕೋಣೆಗೆ ಹೋಗೋ ಅಧಿಕಾರ ನನಗೆಲ್ಲಿದೆ? ಇಟ್ಟರೆ 'ಗೊತ್ತಿಲ್ಲ' ಅನ್ನುತ್ತೆ. ಗೊತ್ತಿಲ್ಲ ಅನ್ನಿಸ್ಕೊಳ್ಳೋಕೆ ಯಾಕೆ ಇಡಬೇಕು?

ವೈರು ಸಿಕ್ಕಿಸಿಲ್ಲ ಅದಕ್ಕೆ.

…ಸಿಕ್ಕಿಸಿದ್ರಾ. ಸರಿ. ಬೆರಳಿಗೆ ಗ್ರೀಸ್ ಆಗಿದೆ, ಬೆಳಿಗ್ಗೆ ಫ್ಯಾನ್ ಬಿಚ್ಚಿದ್ದೆ. ಗ್ರೀಸ್ ಬೆರಳು ಇಟ್ಟರೆ ಗಾಜು ಹಾಳಾಗುತ್ತೆ. ಹತ್ತಿ ಬೇಡ. ಸ್ಪಿರಿಟ್ಟೂ ಬೇಡ ಅಂದ್ನಲ್ಲ. ಎಲ್ಲಿ ಹೋದ್ರೂ ಜೇಬಲ್ಲಿ ಆಸ್ಪತ್ರೆ ಇಟ್ಕೊಂಡೇ ತಿರುಗ್ತೀರಾ ನೀವು?

ಕೈ ಬಿಡಿ ಅತ್ತಿಗೆ. ಎಷ್ಟು ಒರೆಸಿದ್ರೂ ನಾನು ಬೆರಳು ಇಡಲ್ಲ.

ಯಾಕೆ ಇಡಲ್ಲ ಅಂದ್ರೆ… ನಿಮಗೆ ಇದೆಲ್ಲ ತಿಳಿಯಲ್ಲ ಅಂತ ಎಷ್ಟು ಸಲ ಹೇಳೋದು. ಹಳೇ ಫೈಲಿನ ಭಾಷೆ ಬೇರೆ, ಹೊಸದರ ಭಾಷೆ ಬೇರೆ. ಬೆರಳಿನ ಫೋಟೋ ಚೆನ್ನಾಗಿ ಬಂದ್ರೆ ಹಳೇದು ಸೊನ್ನೆ ಅನ್ನುತ್ತೆ. ಸೊನ್ನೆ ಅಂದ್ರೆ ಏನೂ ತೊಂದರೆ ಇಲ್ಲ ಅಂತ. ಹೊಸ ಪ್ರೋಗ್ರಾಮು ಅದನ್ನ ಕೇಳಿಸ್ಕೊಂಡು… ಅದು ಯಾರು ಅಂತ ಕೇಳಿರುತ್ತಲ್ಲ, ಹಾಗಾಗಿ ಸೊನ್ನೆ ಅಂದ್ರೆ ಸೊನ್ನೇ ನಂಬರಿನವರು ಅಂದ್ಕೊಳ್ಳುತ್ತೆ. ಕಂಪ್ಯೂಟರಲ್ಲಿ ಎಣಿಕೆ ಒಂದರಿಂದ ಅಲ್ಲ, ಸೊನ್ನೆಯಿಂದ. ಎಲ್ಲರಿಗಿಂತ ಮೊದಲು ಬೆರಳು ಕೊಟ್ಟವರು ಯಾರೋ ಅವರೇ ಸೊನ್ನೆ. ಅದು… ಹೆಡ್ ನರ್ಸ್ ಅಂತ ಮಿಷನ್ ತಂದ ದಿನ ನಿಮ್ಮನ್ನೇ ಮುಂದೆ ಕರೆದ್ರಲ್ಲ.

ನಾನೂ ಮೊನ್ನೆ ಸಂಜೆ ಮೇಲೇ ನೋಡಿದ್ದು. ನಿಜವಾಗಿ. ಅಷ್ಟೊತ್ತಿಗೆ ಬಂಗಾರದಂಗಿದೆ ಅಂದಾಗಿತ್ತು. ಈಗ ಹೋಗಿ 'ಫೈಲು ತಪ್ಪು ಸಾರ್' ಅಂದ್ರೆ ಆ ಅಕೌಂಟೆಂಟ್ ಹಲ್ಲು ಕಿರಿಯಲ್ವಾ? ನಿಮಗೇನು, ಇಷ್ಟು ವರ್ಷದ ಸರ್ವೀಸಿದೆ, ಒಂದು ಮಾತು ಬೈದು ಬಿಡ್ತಾರೆ. ನನ್ನನ್ನ ಇವತ್ತೇ ಹೊರಗೆ ಹಾಕ್ತಾರೆ. ವಿಚಾರಣೆ ಮುಗಿದ ಮೇಲೆ ಸರಿಯಾದ ಫೈಲು ಹಾಕ್ತಿದ್ದೆ, ಅಣ್ಣನ ಆಣೆ.

ಬೈಯಿರಿ. ಬೈದು ಬಿಡಿ, ಕೇಳಿಸ್ಕೊಳ್ತೀನಿ.

ಎಲ್ಲಿಗೆ? ಲ್ಯಾಪ್‌ಟಾಪ್ ಯಾಕೆ ಎತ್ಕೊಂಡ್ರಿ? ವೈರು ಎಳೀಬೇಡಿ… ಮಿಷನ್ ಇಲ್ಲೇ ಇರಲಿ, ನಾನೇ ಹೇಳ್ತೀನಿ, ಆಮೇಲೆ ಹೇಳ್ತೀನಿ. ಮೆಟ್ಟಿಲು ಹತ್ತಬೇಡಿ ಅತ್ತಿಗೆ. ಅವರು ನಿಮ್ಮನ್ನ ಒಂದು ಮಾತೂ ಕೇಳಬೇಕಾಗಿಲ್ಲ… ಸೂಪರಿಂಟೆಂಡೆಂಟೇ ಬೆರಳು ಇಟ್ಟರೂ ನಿಮ್ಮ ಹೆಸರೇ ಬರುತ್ತೆ.