ಸುರಿದ ಜಾಗದ ನೀರು

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ಶ್ರೀಮಂತ ಅಂದಮೇಲೆ ಬಂದವರಿಗೆ ತೋರಿಸೋಕೆ ಮನೆಯಲ್ಲಿ ಏನಾದರೂ ಇರಬೇಕಲ್ಲ? ಈತ ಸಮುದ್ರವನ್ನೇ ಇಟ್ಟುಕೊಂಡಿದ್ದ. ಹಾಲ್‌ನಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿ, ಉಪ್ಪುನೀರು, ಬಣ್ಣದ ಮೀನು, ಜೀವಂತ ಹವಳ. ದೇವರಕೋಣೆ? ಇತ್ತು, ಇತ್ತು. ಅಡುಗೆಮನೆ ಕಪಾಟಿನಲ್ಲಿ.

ಆ ಹವಳಗಳಲ್ಲಿ ಒಂದು ಅವನ ಹೆಂಡತಿಯದು. ಹೆಬ್ಬೆರಳಿನಷ್ಟು ಚೂರು ತಂದು, ಕಲ್ಲಿಗೆ ಅಂಟಿಸಿ, ಅಂಗೈಯಗಲ ಬೆಳೆಸಿದ್ದಳು. ಬೆಳಗ್ಗೆ ಕಾಫಿಗಿಂತ ಮೊದಲು ಅದನ್ನು ನೋಡುತ್ತಿದ್ದಳು. ಗಂಡನನ್ನು ಕಾಫಿ ಆದಮೇಲೆ.

ಒಂದು ದಿನ ಅದರ ತುದಿ ಬೆಳ್ಳಗಾಯಿತು.

"ರೀ, ನನ್ನ ಹವಳ ಸಾಯ್ತಾ ಇದೆ."

"ಸುಮ್ನಿರೇ. ನೀರು ಪರೀಕ್ಷೆ ಮಾಡಿದ್ದೀನಿ. ಮೆಗ್ನೀಷಿಯಂ ಬೇಕಾದಷ್ಟಿದೆ."

ನೋಡಿ, ಈ ಮೆಗ್ನೀಷಿಯಂ ಕಡಿಮೆಯಾದರೆ ಸುಣ್ಣದಂಶ ನೀರಿನಲ್ಲಿ ನಿಲ್ಲೋದಿಲ್ಲ, ಪುಡಿಯಾಗಿ ತಳಕ್ಕೆ ಕೂರುತ್ತೆ. ಹವಳಕ್ಕೆ ಮೈ ಕಟ್ಟಿಕೊಳ್ಳೋಕೆ ಏನೂ ಉಳಿಯೋದಿಲ್ಲ. ಅದಕ್ಕೇ ಆಗಾಗ ಒಂದಿಷ್ಟು ನೀರು ತೆಗೆದು, ಅದಕ್ಕೆ ಪರೀಕ್ಷೆಯ ದ್ರಾವಣ ಹನಿ ಹನಿ ಬಿಟ್ಟು, ಬಣ್ಣ ತಿರುಗೋದನ್ನು ನೋಡಬೇಕು. ಶ್ರೀಮಂತ ನೋಡುತ್ತಿದ್ದ. ದಿನಾ ನೋಡುತ್ತಿದ್ದ. ಹೇಗೆ ನೋಡುತ್ತಿದ್ದ ಕೇಳಿ.

ಮೊದಲು ನೀರು ತಿರುಗಿಸೋ ಪಂಪ್ ಬಂದ್. ಅದರ ಸದ್ದು ಇವನ ಧ್ಯಾನಕ್ಕೆ ಅಡ್ಡಿಯಂತೆ! ಆಮೇಲೆ ಮೆಗ್ನೀಷಿಯಂ ಒಂದು ಮುಚ್ಚಳ ಸುರಿಯೋದು. ಸುರಿದ ಜಾಗದಿಂದಲೇ, ಅದು ಹರಡೋಕೆ ಮೊದಲೇ, ಸಿರಿಂಜಿನಲ್ಲಿ ನೀರು ಎಳೆಯೋದು. ತೊಟ್ಟಿ ದೊಡ್ಡದು, ಮುಚ್ಚಳ ಚಿಕ್ಕದು, ಮಾರ್ಕ್ಸ್ ಮಾತ್ರ ನೂರಕ್ಕೆ ನೂರು!

ಕೊನೆಗೊಮ್ಮೆ ಹೆಂಡತಿ ಹಿಂದೆ ನಿಂತು ನೋಡಿದಳು.

"ಅಲ್ರೀ, ಸುರಿದಲ್ಲೇ ತೆಗೆದ್ರೆ ನೀವು ಸುರಿದಿದ್ದೇ ಕಾಣುತ್ತೆ. ನನ್ನ ಹವಳ ಇರೋದು ಆ ಮೂಲೆಯಲ್ಲಿ."

"ಆ ಮೂಲೆ ನೀರಿಗೆ ಬಣ್ಣ ಸರಿಯಾಗಿ ಬರಲ್ಲ ಕಣೇ!"

ಕೇಳಿದಿರಾ? ಗೊತ್ತಿತ್ತು! ಮಹಾರಾಯನಿಗೆ ಗೊತ್ತಿತ್ತು!

ಅವಳೇ ಮೂಲೆಯ ನೀರು ತೆಗೆದಳು. ಮೆಗ್ನೀಷಿಯಂ ಪಾತಾಳದಲ್ಲಿತ್ತು. ಇವನಿಗೆ ಅವಮಾನ. ಅವಮಾನವಾದ ಗಂಡಸು ಏನು ಮಾಡ್ತಾನೆ? ಇಡೀ ಕ್ಯಾನ್ ಎತ್ತಿದ, ಒಂದೇ ಸಲ ಸುರಿಯೋಕೆ. ಅವಳು ಕೈ ಹಿಡಿದಳು. "ಇರೋ ಮೀನನ್ನೂ ಕೊಲ್ಲಬೇಡಿ. ದಿನಾ ಸ್ವಲ್ಪ ಸ್ವಲ್ಪ ಹಾಕೋಣ. ಮೊದಲು ಪಂಪ್ ಹಾಕಿ."

ಹವಳದಲ್ಲಿ ಅರ್ಧ ಹೋಯಿತು. ಅರ್ಧ ಉಳಿಯಿತು.

ನಗ್ತೀರಿ. ನಗಿ. ನೀವು ನಿಮ್ಮನ್ನು ಪರೀಕ್ಷೆ ಮಾಡಿಕೊಳ್ಳೋದು ಯಾವಾಗ ಸ್ವಾಮಿ? ಅನ್ನದಾನಕ್ಕೆ ಅಕ್ಕಿಮೂಟೆ ಕಳಿಸಿದ ದಿನ. ಏಕಾದಶಿ ಉಪವಾಸದ ಸಂಜೆ. ಆಹಾ, ಎಂಥ ಶಾಂತಿ, ಎಂಥ ಸಾತ್ವಿಕ ಜೀವ ನಾನು! ಈಗ ಇಲ್ಲಿ ಪ್ರವಚನಕ್ಕೆ ಕೂತು ಭಕ್ತಿಯಿಂದ ಕಣ್ಣೊರೆಸಿಕೊಳ್ತಿದ್ದೀರಲ್ಲ, ಇದೂ ಸುರಿದ ಜಾಗದ ನೀರೇ. ಸಾರಿಗೆ ಉಪ್ಪು ಜಾಸ್ತಿಯಾದಾಗ, ಮನೆಗೆಲಸದವಳು ರಜ ಕೇಳಿದಾಗ, ಅಲ್ಲಿ ತೆಗೆಯಿರಿ ನೀರು. ಬಣ್ಣ ನೋಡಿ ಗಾಬರಿಯಾಗಿ ಒಂದೇ ದಿನಕ್ಕೆ ಸಂತರಾಗೋಕೆ ಹೊರಡಬೇಡಿ, ಮನೆಯವರಿಗೆ ತಡೆದುಕೊಳ್ಳೋಕೆ ಆಗೋದಿಲ್ಲ. ದಿನಕ್ಕೊಂದು ಬೈಗುಳ ನುಂಗಿ, ಸಾಕು.

ನಾನು ಎಂಥವನು ಗುರುಗಳೇ ಅಂತ ನನ್ನನ್ನು ಕೇಳಬೇಡಿ. ನನ್ನೆದುರು ನೀವೆಲ್ಲ ಕೈಮುಗಿದುಕೊಂಡೇ ಇರ್ತೀರಿ. ಮನೆಯಲ್ಲಿ ಹೆಂಡತಿಯನ್ನು ಕೇಳಿ. ಕೇಳಿದಮೇಲೆ, ದಯವಿಟ್ಟು, ಅವರು ಹೇಳಿ ಮುಗಿಸೋವರೆಗೂ ಬಾಯಿ ಮುಚ್ಚಿಕೊಂಡಿರಿ.