ಕಂಬಳಿ ಕಂಡರೆ ಎಗರುವ ನಾಯಿ

ಕುಲಗೋಡದ ಬೇವಿನ ಮರದ ಕೆಳಗೆ ಗೋಕಾಕದ ಮೋಟಾರಿಗೆ ಕಾಯುತ್ತಿದ್ದ ಯಮನವ್ವ ಶಿವನಾಮ ನೆನೆಯುತ್ತಿದ್ದಳು. ಬಾಜೂದಲ್ಲಿ ಜೈನರ ಜಿನ್ನವ್ವ ಕುರುಬರ ಕೆಂಚಪ್ಪನೊಡನೆ ಮಾತಿಗಿಳಿದದ್ದು ಅವಳ ಕಿವಿಗೆ ಬಿತ್ತು.

“ಕಂಬಳಿ ಹೊದ್ದವರನ್ನ ಕಂಡ್ರ ನಮ್ಮ ನಾಯಿ ಮೈಮ್ಯಾಲೆ ಹೋಗತೈತಿ, ಕೆಂಚಪ್ಪಾ. ಇನ್ನೊಬ್ಬರಿಗೆ ಕಚ್ಚಿದ್ರ ಊರವರು ಕೊಂದ ಬಿಡ್ತಾರಂತ.”

“ಅದಕ್ಕ ಈ ವರ್ಷ ನಿಮ್ಮ ಹೊಲದಾಗ ಗೊಬ್ಬರಕ್ಕ ಕುರಿ ನಿಲ್ಲಸಲಿಲ್ರಿ, ಅವ್ವಾರ. ಕುರಿ ಅಂಜಲಿಲ್ಲ, ನಾನ ಅಂಜಿದೆ. ಯಾವಾಗಿಂದ ಹಿಂಗ?”

“ಹೊಳ್ಯಾಗ ಮುಳುಗಿದ ನನ್ನ ಮಗ ವರ್ಧಮಾನನ್ನ ಅವನ ಕಂಬಳ್ಯಾಗ ಸುತ್ತಿ ತಂದ್ರಲ್ಲ, ಅವತ್ತಿನಿಂದ. ಹೊಡದ್ವಿ, ಕಟ್ಟಿ ಹಾಕಿದ್ವಿ. ಮತ್ತಷ್ಟು ಹೆಚ್ಚಾತು.”

“ಹೊಡೀಬ್ಯಾಡ್ರಿ. ಅದು ಸಿಟ್ಟಲ್ಲ, ಅಂಜಿಕಿ. ಅಂಗಳದ ಆ ತುದಿಗೆ ಕಂಬಳಿ ಹಾಸ್ರಿ. ನಾಯಿ ಬೊಗಳದಷ್ಟು ದೂರ ನಿಂತು ರೊಟ್ಟಿ ಹಾಕ್ರಿ. ದಿನಾ ಒಂದೀಟು ಹತ್ರ ಕರಕೊಂಡು ಹೋಗ್ರಿ.”

“ಯಾವ ಕಂಬಳಿ?”

“ಅದ ಕಂಬಳಿ ಇದ್ರ ಛಲೋ.”

ಜಿನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಸುಡಗಾಡದಾಗ ಒಗೀರಿ ಅಂದಿದ್ರು. ಯಾರಿಗೂ ಹೇಳದ ಅಟ್ಟದ ಮ್ಯಾಲೆ ಇಟ್ಟೇನಿ. ಆದ್ರ ಅದನ್ನ ನೋಡಾಕ ನನಗೂ ಆಗೂದಿಲ್ಲಪಾ.”

“ಹಂಗಾದ್ರ ನೀವೂ ನಾಯಿ ಬಾಜೂಕ ಕುಂದರ್ರಿ, ಅವ್ವಾರ. ಇಬ್ಬರೂ ದೂರಿಂದ ನೋಡ್ರಿ.”

ಮೋಟಾರು ಬಂತು. ಕೆಂಚಪ್ಪ ಹತ್ತಿದ. ಯಮನವ್ವ ಹತ್ತಿ ತಿರುಗಿ ನೋಡಿದಾಗ ಗೋಕಾಕಕ್ಕೆ ಹೊರಟಿದ್ದ ಜಿನ್ನವ್ವ ಮನೆಯ ದಾರಿ ಹಿಡಿದಿದ್ದಳು.