ಜೆರ್ಮಾನುವಿನ ಬ್ರಶ್ಶು ಪೆಟ್ಟಿಗೆ

ಅಯ್ಯಯ್ಯೋ, ಹಾಗೆ ತಿರುಚಬೇಡ ಲೂರ್ದೆಸ್! ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿದ್ರೆ ಕೂದಲೆಲ್ಲಾ ಕಿತ್ಕೊಂಡು ಬರುತ್ತೆ. ಕೊಡು ಇಲ್ಲಿ. ನೋಡು... ಬುಡದಿಂದ ತುದಿಗೆ. ಬೆರಳಲ್ಲಿ ಬಿಡಿಸ್ತಾ, ಬುಡದಿಂದ ತುದಿಗೆ. ಈ ತಗಡಿನ ಪಟ್ಟಿಯೊಳಗೆ ಕೂದಲು ಹೋಗುತ್ತಲ್ಲ, ಪೇಂಟು ಹೋಗಿ ಅಡಗಿ ಕೂರೋದೇ ಅಲ್ಲಿ. ತುದಿ ಏನೋ ಚೆನ್ನಾಗೇ ಕಾಣುತ್ತೆ, ಬುಡದಲ್ಲಿ ಗಟ್ಟಿಯಾಗಿರುತ್ತೆ... ಯಾಕೆ ನಗ್ತೀಯಾ? ನಿಮ್ಮಪ್ಪನೂ ಹಿಂಗೇ ಹೇಳ್ತಿದ್ನಾ? ಹೇಳದೇ ಏನು! ನನಗೆ ಕಲಿಸಿದೋನೇ ಅವನು.

ಆ ಸ್ಟೂಲು ಎಳ್ಕೊಂಡು ಕೂತ್ಕೋ. ನಿಮ್ಮತ್ತೆ ದೆಯೋಲಿಂದಾ ಬರಲ್ಲ ಬಿಡು, ಟರ್ಪೆಂಟೈನ್ ವಾಸನೆಗೆ ಮುನಿಸ್ಕೊಂಡು ಮೇಲೆ ಹೋಗಿದಾಳೆ. ಹದಿಮೂರು ವರ್ಷದಲ್ಲಿ ಇವತ್ತೇ ಅವಳು ಮೇಲಿನ ಅಡುಗೆಮನೇಲಿ ಒಲೆ ಹಚ್ಚಿರೋದು. ಅದು ನೆಂಟರಿಗೆ ತೋರ್ಸೋಕೆ, ಈ ನೆಲಮಾಳಿಗೆದು ಅಡುಗೆ ಮಾಡೋಕೆ. ಈ ಫಾಲ್ ರಿವರ್ ಊರಲ್ಲಿ ನಮ್ಮೋರ ಮನೆ ಯಾವುದು ತಗೋ, ಇದೇ ಕತೆ. ನಿಮ್ಮಮ್ಮಂದೂ ಹಂಗೇ ಅಲ್ವಾ?

ಸರಿ. ಮೂರು ಡಬ್ಬಿ ಇಟ್ಟಿದೀನಿ, ನೋಡ್ಕೋ. ಮೊದಲನೇದು ಹಳೇ ಟರ್ಪೆಂಟೈನು, ಕೊಳಕು. ಎರಡನೇದು ಅಷ್ಟಕ್ಕಷ್ಟೆ. ಮೂರನೇದು ಹೊಸದು. ಈ ಮೂರರಲ್ಲೂ ಅದ್ದಿ, ಬಾಚಿ, ಆಮೇಲೆ ಸೋಪು ನೀರು, ಕೊನೇಗೆ ಎರಡು ಅಂಗೈ ಮಧ್ಯೆ ಹಿಡಿಯಿಟ್ಟು ಗರಗರ ಅಂತ ತಿರುಗಿಸೋದು. ಬಕೆಟ್ಟಿನೊಳಗೆ ತಿರುಗಿಸು ಮತ್ತೆ! ಗೋಡೆಗೆ ಹಾರಿದ್ರೆ ನಿಮ್ಮತ್ತೆ ಮೇಲಿಂದಾನೇ ನನ್ನ ಹೆಸರು ಹಿಡಿದು ಕೂಗ್ತಾಳೆ.

ನಿಮ್ಮಪ್ಪನ ಪೆಟ್ಟಿಗೆಯಿಂದ ಇನ್ನೊಂದು ಕೊಡು... ಇದೂ ಗಟ್ಟಿ. ಅದೂ ಗಟ್ಟೀನಾ? ಎಲ್ಲಾ ಮರದ ತುಂಡಾಗಿ ಹೋಗಿದಾವಲ್ಲ ಮಗಾ! ಇದು ಹಂದಿ ಕೂದಲಿಂದು, ಎಷ್ಟು ಆಸೆಪಟ್ಟು ತರಿಸ್ಕೊಂಡಿದ್ದ. ಒಂದು ಸಲ ನಾನು ಹೇಳ್ದೆ ಕೇಳ್ದೆ ಇದನ್ನ ತಗೊಂಡು ಒಂದು ಕಿಟಕಿ ಬಳಿದೆ ಅಂತ ಎರಡು ದಿನ ಮಾತು ಬಿಟ್ಟಿದ್ದ ಕಣೇ. ಪೇಂಟರು ಹಲ್ಲುಜ್ಜೋ ಬ್ರಶ್ಶಾದ್ರೂ ಕೊಟ್ಟಾನು, ಇದನ್ನ ಕೊಡಲ್ಲ. ಅದಕ್ಕೇ ಹಿಡಿ ಮೇಲೆ ಹೆಸರಿನ ಅಕ್ಷರ ಕೊರೆದಿಟ್ಕೊಳ್ಳೋದು ನಾವು. ಅಂಥೋನು ಹನ್ನೊಂದು ವರ್ಷ ಇವನ್ನ ಮುಟ್ಟೇ ಇಲ್ಲ ಅಂದ್ರೆ... ಬೆಂಕಿ ಬಿದ್ದ ಮೇಲೆ ಮುಟ್ಟಲೇ ಇಲ್ಲ ಅಲ್ವಾ? ಸ್ಕೂಲಲ್ಲಿ ಕಸಬರಿಕೆ ಹಿಡಿದ, ಬ್ರಶ್ಶು ಹಿಡೀಲಿಲ್ಲ.

ಅಳಬೇಡ. ಅಳ್ತಿಲ್ವಾ? ವಾಸನೆಗೆ ಕಣ್ಣು ಉರೀತಿದ್ಯಾ? ಸರಿ, ಹಂಗೇ ಅಂದ್ಕೊಳ್ಳೋಣ. ನನಗೂ ಉರೀತಿದೆ.

ಅವನು ತೀರಿಹೋದ ಏಳನೇ ದಿನ ಚರ್ಚಿನ ಪೂಜೇಲಿ ಕೊನೇ ಬೆಂಚಲ್ಲಿ ಕೂತಿದ್ದೆ ನಾನು. ಮುಂದೆ ಬಂದು ನಿಮ್ಮಮ್ಮನ ಕೈ ಹಿಡೀಬೇಕು ಅಂತ... ಕಾಲು ಬರಲಿಲ್ಲ. ಸಮುದ್ರದಾಚೆ ಒಂದೇ ದ್ವೀಪದೋರು, ಒಂದೇ ಓಣಿಯೋರು ನಾವು. ಇಲ್ಲಿಗೆ ಬಂದಿಳಿದ ಮೂರನೇ ದಿನ ನನ್ನ ಕೈಗೆ ಬ್ರಶ್ಶು ಕೊಟ್ಟೋನು ಅವನು. ಹೊಸದು, ನನ್ನ ಅಕ್ಷರ ಅವನೇ ಕೊರೆದು. ಆಮೇಲೆ ಅದೆಲ್ಲೋ ಕಳೆದುಹೋಯ್ತು, ಆ ಗಲಾಟೇಲಿ.

ಏನು ಕೇಳ್ಬೇಕು ಅಂತ ಬಂದಿದೀಯಾ ಅಂತ ಗೊತ್ತು ನನಗೆ. ಬ್ರಶ್ಶು ತೊಳೆಯೋದು ಕಲಿಸು ಮಾಮ ಅಂದೆ, ಆದ್ರೆ ನಿನ್ನ ಕಣ್ಣು ಬೇರೆ ಏನೋ ಕೇಳ್ತಿತ್ತು. ಬೆಂಕಿ ಹೆಂಗಾಯ್ತು ಅಂತ ತಾನೇ?

ಹೇಳ್ತೀನಿ. ಎಲ್ಲರಿಗೂ ಗೊತ್ತಿರೋದೇ. ಗುಡ್ಡದ ಮೇಲಿನ ಆಲ್ಡೆನ್ ಅಮ್ಮನ ಮನೆ. ಊಟದ ಕೋಣೆ ಪೂರ್ತಿ ಮರದ ಹಲಗೆ, ಅದಕ್ಕೆ ಅಗಸೆ ಎಣ್ಣೆ ಹಚ್ಚಿದ್ವಿ. ಆ ಎಣ್ಣೆ ಒರೆಸಿದ ಬಟ್ಟೆ ಇದ್ಯಲ್ಲ, ಅದನ್ನ ಉಂಡೆ ಮಾಡಿ ಬಿಸಾಕಬಾರದು. ಕಡ್ಡಿ ಗೀರಬೇಕಾಗಿಲ್ಲ, ಬೀಡಿ ಬೇಕಾಗಿಲ್ಲ, ತನ್ನಷ್ಟಕ್ಕೆ ಒಳಗೊಳಗೇ ಕಾವು ಏರಿ ಹತ್ಕೊಳ್ಳುತ್ತೆ. ಒಂದೊಂದೇ ಬಿಡಿಸಿ ಬೇಲಿ ಮೇಲೆ ಹರವಬೇಕು. ಬ್ರಶ್ಶು ತೊಳೆಯೋದು, ಬಟ್ಟೆ ಹರವೋದು, ಎರಡೂ ಸೇರಿ ಒಂದೇ ಕೆಲಸ ನಮಗೆ. ಒಂದು ಮಾಡಿದೋನು ಇನ್ನೊಂದು ಮಾಡೇ ಮಾಡ್ತಾನೆ. ಆವತ್ತು ಅದು ಆಗ್ಲಿಲ್ಲ. ಬೆಳಗ್ಗೆ ಐದು ಗಂಟೆಗೆ ಸೈರನ್ನು. ಆಲ್ಡೆನ್ ಅಮ್ಮ ಪುಣ್ಯಕ್ಕೆ ಅಕ್ಕನ ಮನೇಲಿದ್ಲು. ಮನೆ ಮಾತ್ರ ಏನೂ ಉಳೀಲಿಲ್ಲ.

ನಾನು ನಾಲ್ಕು ಗಂಟೆಗೇ ಹೊರಟುಬಿಟ್ಟಿದ್ದೆ. ಕೊನೇಲಿ ಉಳಿದೋನು ನಿಮ್ಮಪ್ಪ. ಪಾಪ, ಮರೆತ. ಮನುಷ್ಯ ತಾನೇ, ಮರೀತಾನೆ. ಅಡುಗೆಮನೆ ಬಾಗಿಲ ಹಿಂದೆ, ಆ ತಗಡಿನ ಬಕೆಟ್ಟಲ್ಲಿ ತುರುಕಿ...

ಯಾಕೆ ಹಾಗೆ ನೋಡ್ತೀಯಾ?

ಇಲ್ಲ, ನಾನು ನೋಡಿಲ್ಲ. ಯಾರೋ ಹೇಳಿದ್ರು, ಬಕೆಟ್ಟು ಬಾಗಿಲ ಹಿಂದೆ ಇತ್ತು ಅಂತ. ಬೆಂಕಿ ಆರಿಸೋಕೆ ಬಂದೋರೇ ಇರ್ಬೇಕು... ಆ ಬಾಚಣಿಗೆ ಕೊಡು ಇಲ್ಲಿ. ಇದರ ಹಲ್ಲಲ್ಲೂ ಪೇಂಟು ಮೆತ್ಕೊಂಡಿದೆ.

ಜನ ಆಡಿದ್ದೇ ಜಾಸ್ತಿ ಆಯ್ತು. ಬೆಂಕಿ ಜೆರ್ಮಾನು! ನಮ್ಮೋರಿಗೆ ಅಡ್ಡಹೆಸರಿಡೋಕೆ ಅರ್ಧ ದಿನ ಸಾಕು. ಬೇಕರೀಲಿ ಅವನು ಒಳಗೆ ಬಂದ್ರೆ, ಏ, ಒಲೆ ಆರ್ಸು, ಜೆರ್ಮಾನು ಬಂದ ಅನ್ನೋರು. ಅವನೂ ನಗೋನು. ನಾನೂ... ಹ್ಞೂಂ, ನಾನೂ ಅಲ್ಲೇ ಇರ್ತಿದ್ದೆ. ಆಮೇಲೆ ಆ ಕಿರೀಟದ ವಿಷಯ. ಅದು ಮಾತ್ರ ಆಗಬಾರದಿತ್ತು. ಪವಿತ್ರಾತ್ಮನ ಹಬ್ಬಕ್ಕೆ ಚೀಟಿ ಎತ್ತಿದಾಗ ಏಳನೇ ವಾರ ನಿಮ್ಮನೆಗೆ ಬಂದಿತ್ತು. ಏಳು ವಾರ ಏಳು ಮನೆಗೆ ಹೋಗೋ ಕಿರೀಟ, ಕೊನೇ ವಾರದ್ದೇ ಎಲ್ಲಕ್ಕಿಂತ ದೊಡ್ಡ ಗೌರವ! ಬೆಳ್ಳಿ ಕಿರೀಟ ವಾರವೆಲ್ಲಾ ನಿಮ್ಮ ಹಾಲ್‌ನಲ್ಲಿ, ಕಡೇ ಭಾನುವಾರ ನಿನ್ನ ತಲೆ ಮೇಲೆ. ಅದಕ್ಕೇಂತ ನಿಮ್ಮಪ್ಪ ಒಂದು ಮೂಲೆ ಬಿಡದೆ ಮನೆ ಬಳಿದಿದ್ದ. ಸುತ್ತ ಇಷ್ಟೊಂದು ಮೇಣದಬತ್ತಿ ಹಚ್ಚಬೇಕು, ಬೆಂಕಿ ಜೆರ್ಮಾನು ಮನೇಲಾ? ಅಂತ ಯಾರೋ ಅಂದ್ರು. ಕಮಿಟಿಯೋರು ತಲೆ ಆಡಿಸಿದ್ರು.

ಗೊತ್ತು. ಗೊತ್ತು ಮಗಾ, ಕಿರೀಟ ಎಲ್ಲಿಗೆ ಬಂತು ಅಂತ ನೀನು ನೆನಪಿಸಬೇಕಾಗಿಲ್ಲ. ಈ ಮನೆಗೇ ಬಂತು. ನನ್ನ ಮಗಳು ಗ್ರಾಸಾ ತಲೆ ಮೇಲೆ ಇಟ್ರು. ನಿನಗೆ ಆಗ ಹತ್ತು ವರ್ಷ. ಬಿಳೀ ಲಂಗ ಹೊಲಿಸಿ ಆಗಿತ್ತು ನಿನಗೆ. ಅಳತೆ ನೋಡೋಕೆ ದರ್ಜಿಯಮ್ಮ ಕರೆದಿದ್ದೇ ಆ ಎಣ್ಣೆ ಹಚ್ಚಿದ ದಿನ, ಅದಕ್ಕೇ ಅಲ್ವಾ ಅವನು ಮೂರೂವರೆಗೇ ಕೆಲಸ ಬಿಟ್ಟು...

ಏನಿಲ್ಲ. ಏನಂದೆ ನಾನು?

ಮೂರೂವರೆ ಅಂದ್ನಾ? ಬೇರೆ ದಿನ ಇರ್ಬೇಕು. ವಯಸ್ಸಾಯ್ತು, ದಿನ ಎಲ್ಲಾ ಕಲಸಿಹೋಗುತ್ತೆ... ಆ ಸೋಪು ನೀರು ಇತ್ಲಾಗೆ ತಳ್ಳು.

ಅದೇನು ಪೆಟ್ಟಿಗೆ ತಳದಲ್ಲಿ? ಇನ್ನೊಂದಿದ್ಯಾ? ಕಾಗದ ಸುತ್ತಿ, ದಾರ ಕಟ್ಟಿ... ಇದು ಜೆರ್ಮಾನು ಗಂಟೇ. ಎರಡು ಸುತ್ತು, ಒಂದು ಕುಣಿಕೆ. ಬಿಚ್ಚಲಾ?

ಅರೆ. ಮೆತ್ತಗಿದೆ! ನೋಡೇ ಇಲ್ಲಿ, ಇದೊಂದು ಮೆತ್ತಗಿದೆ! ಬುಡದಲ್ಲಿ ಒಂದು ಚೂರು ಪೇಂಟಿಲ್ಲ. ಕೂದಲು ನೋಡು, ನಿನ್ನೆ ತೊಳೆದ ಹಾಗಿದೆ. ತನ್ನ ಬ್ರಶ್ಶೆಲ್ಲಾ ಒಣಗೋಕೆ ಬಿಟ್ಟು ಇದೊಂದನ್ನ ಯಾಕೆ... ಸುತ್ತಿರೋ ಪೇಪರು ಯಾವಾಗಿಂದು? ಈ ವರ್ಷದ್ದು. ಫೆಬ್ರವರಿ. ಆಗ ಅವನಿಗೆ ಎದ್ದು ಕೂರೋದೂ ಕಷ್ಟ ಆಗಿತ್ತಂತಲ್ಲ! ಪ್ರತಿ ವರ್ಷ ತೊಳೆದು, ಹೊಸ ಪೇಪರು... ಯಾರದ್ದು ಇದು? ಕನ್ನಡಕ ಎಲ್ಲಿಟ್ಟೆ... ಹಿಡಿ ಮೇಲೆ ಅಕ್ಷರ ಇದ್ಯಾ...

ದೇವರೇ.

ನೀನು ಮುಂಚೇನೇ ಬಿಚ್ಚಿ ನೋಡಿ, ಅವನ ಹಾಗೇ ಗಂಟು ಹಾಕಿಟ್ಟಿದ್ಯಾ. ನೋಡ್ಕೊಂಡೇ ಬಂದಿದೀಯಾ.

ಬಯ್ಯಿ. ಏನಾದ್ರೂ ಅನ್ನು. ಹಾಗೆ ನೋಡಬೇಡ ಲೂರ್ದೆಸ್.

...ನಂದೇ. ನಂದೇ ಬ್ರಶ್ಶು. ಎಲ್ಲೂ ಕಳೆದಿರಲಿಲ್ಲ.

ಮಗಳ ಲಂಗದ ಅಳತೆ ನೋಡಬೇಕು ಅಂದ ನಿಮ್ಮಪ್ಪ. ನೀನು ಹೋಗಪ್ಪಾ, ಬ್ರಶ್ಶು, ಬಟ್ಟೆ ಎಲ್ಲಾ ನಾನು ನೋಡ್ಕೋತೀನಿ ಅಂತ ನಾನೇ ಕಳಿಸ್ದೆ. ಕ್ಲಬ್ಬಲ್ಲಿ ಇಸ್ಪೀಟಿಗೆ ಕಾಯ್ತಿದ್ರು ಕಣೇ. ಇಸ್ಪೀಟಿಗೆ! ಇನ್ನೇನೂ ಇಲ್ಲ, ಇಸ್ಪೀಟಿಗೆ. ಬಟ್ಟೆ ಬಕೆಟ್ಟಲ್ಲಿ ತುರುಕ್ದೆ, ಬ್ರಶ್ಶು ವ್ಯಾನಲ್ಲಿ ಎಸೆದೆ, ಕ್ಲಬ್ಬಿನ ಮುಂದೆ ವ್ಯಾನು ನಿಲ್ಲಿಸಿ ಒಳಗೆ ಹೋಗಿ ಕೂತೆ. ನಿಮ್ಮಪ್ಪ ದರ್ಜಿ ಅಂಗಡಿಯಿಂದ ನಡ್ಕೊಂಡು ಬರ್ತಾ ವ್ಯಾನಿನೊಳಗೆ ಬಗ್ಗಿ ನೋಡಿದಾನೆ. ತೊಳೀದೇ ಬಿದ್ದಿರೋ ಬ್ರಶ್ಶು ಕಂಡ್ರೆ ಅವನಿಗೆ ತಡೆಯಲ್ಲ. ಎತ್ಕೊಂಡು ಮನೆಗೆ ಹೋದ, ತೊಳೆಯೋಕೆ...

ಏನು? ನೀನೂ ಇದ್ಯಾ? ಅವನ ಕೈ ಹಿಡ್ಕೊಂಡು... ನೀನು ನೋಡಿದ್ಯಾ ಅವನು ಎತ್ಕೊಂಡಿದ್ದು? ಹತ್ತು ವರ್ಷದ ಕೂಸು. ಆವಾಗಿಂದ ನೆನಪಿಟ್ಕೊಂಡಿದ್ಯಾ.

ಬೆಳಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ವಿ ಇಬ್ರೂ, ಮೈಯೆಲ್ಲಾ ಹೊಗೆ. ಬ್ರಶ್ಶು ಕಂಡಾಗ್ಲೇ ನನಗೆ ಬಟ್ಟೆ ನೆನಪಾಗಬೇಕಿತ್ತು ಜಸಿಂತು, ಅಂದ. ಅವನ ತಪ್ಪಂತೆ ಅದು! ಈ ದೇಶದಲ್ಲಿ ಇರೋಕೆ ಬೇಕಾದ ಕಾಗದ ನನ್ನ ಹತ್ರ ಇರಲಿಲ್ಲ ಆಗ. ಸುತ್ತಾಡೋಕೆ ಅಂತ ಬಂದು ಉಳ್ಕೊಂಡೋರು ನಾವು, ನಾನು, ಹೆಂಡ್ತಿ, ಗ್ರಾಸಾ. ನನ್ನ ಹೆಸರು ಬಾಯಿಗೆ ಬಂದಿದ್ರೆ ಮೂವರನ್ನೂ ವಾಪಸ್ಸು ಅಟ್ತಿದ್ರು. ಬಟ್ಟೆ ನಾನಿಟ್ಟೆ ಅಂತ ಹೇಳ್ತೀನಿ, ನಾನು ಈ ದೇಶದ ಪ್ರಜೆ, ನನ್ನನ್ನ ಎಲ್ಲಿಗೆ ಅಟ್ತಾರೆ, ಅಂದ. ನಿನ್ನ ಕಾಗದ ಬರೋವರೆಗೆ. ಬಂದ ದಿನ ನೀನೇ ನಾಲ್ಕು ಜನರ ಮುಂದೆ ಹೇಳಿಬಿಡು. ಅಷ್ಟೇ ಕೇಳಿದ್ದು ಅವನು.

ಎರಡು ವರ್ಷಕ್ಕೆ ಬಂತು ಕಾಗದ.

ಎರಡೇ ವರ್ಷಕ್ಕೆ. ಒಂಬತ್ತು ವರ್ಷ ಆಯ್ತು ಅದು ಬಂದು. ಈ ಭಾನುವಾರ ಹೇಳ್ತೀನಿ, ಹಬ್ಬ ಮುಗೀಲಿ, ಗ್ರಾಸಾ ಮದುವೆ ಆಗ್ಲಿ... ಅವನು ಒಂದು ಸಲವೂ ಕೇಳಲಿಲ್ಲ. ದಾರೀಲಿ ಸಿಕ್ರೆ, ಚೆನ್ನಾಗಿದೀಯಾ ಜಸಿಂತು, ಅನ್ನೋನು. ಮರೆತಿದಾನೆ ಅಂದ್ಕೊಂಡೆ. ಹಂಗಂದ್ಕೊಂಡ್ರೆ ನನಗೆ ನಿದ್ದೆ ಬರ್ತಿತ್ತು. ಇಲ್ಲಿ ನೋಡಿದ್ರೆ ವರ್ಷಾ ವರ್ಷಾ ತೊಳೆದು ಸುತ್ತಿಟ್ಟಿದಾನೆ, ನಾನು ಬಂದು ಕೇಳಿದ ದಿನ ಕೈಗೆ ಕೊಡೋಕೆ. ಆಸ್ಪತ್ರೆಗೂ ಹೋಗಲಿಲ್ಲ ನಾನು, ಲೂರ್ದೆಸ್. ಹೊರಗೆ ಬೆಂಚಲ್ಲಿ ಕೂತು ವಾಪಸ್ಸು ಬಂದೆ. ಹೆದರಿಕೆ. ಸಾಯ್ತಿರೋ ಮನುಷ್ಯ ಕೇಳಿಬಿಟ್ರೆ ಅಂತ ಹೆದರಿಕೆ ನನಗೆ.

ಏನು? ಏನು ಕೈ ಚಾಚ್ತಿದೀಯಾ? ಬ್ರಶ್ಶು ಬೇಕಾ? ತಗೋ. ಅಲ್ವಾ? ಈ ಕೈಯಾ...

ಓ.

ನೋಡ್ಲೇ ಇಲ್ಲ ನಾನು. ಮಾತಾಡ್ತಾ ಮಾತಾಡ್ತಾ ಒರೆಸೋ ಬಟ್ಟೇನ ಉಂಡೆ ಮಾಡಿ ಹಿಡ್ಕೊಂಡುಬಿಟ್ಟಿದೀನಿ. ತಗೋ. ಹ್ಞಾಂ, ಬಿಡಿಸು. ಆ ತಂತಿ ಮೇಲೆ ಹರವು, ಮಡಿಕೆ ಬೀಳದ ಹಾಗೆ. ಹಾಗೇನೇ. ಹಾಗೇನೇ ಹರವ್ತಿದ್ದ ಅವನೂ.

ಹೊರಟ್ಯಾ? ನಿಲ್ಲು. ನಾಳೆ ಚರ್ಚಿನ ಹಾಲ್‌ನಲ್ಲಿ ಹಬ್ಬದ ಚೀಟಿ ಎತ್ತೋದಿದೆ, ಎಲ್ಲರೂ ಬರ್ತಾರೆ, ಅಲ್ಲಿ ಎದ್ದು ನಿಂತು... ಯಾಕೆ ಬಾಗಿಲಲ್ಲೇ ನಿಂತೆ? ನಾಳೆ ಅಂದಿದ್ದು ನಂಬಿಕೆ ಬರಲಿಲ್ವಾ?

ಹೌದು. ಹೇಗೆ ಬರುತ್ತೆ.

ಕೂತ್ಕೋ, ಒಂದೇ ಒಂದು ನಿಮಿಷ. ಬ್ರಶ್ಶು ಅಲ್ಲೇ ಮೇಜಿನ ಮೇಲಿರಲಿ, ಕಾಣೋ ಹಾಗೆ.

ದೆಯೋಲಿಂದಾ! ಏ ದೆಯೋಲಿಂದಾ! ಒಲೆ ಆರಿಸಿ ಕೆಳಗೆ ಬಾ. ಗ್ರಾಸಾನೂ ಕರ್ಕೊಂಡು ಬಾ. ಇಲ್ಲ, ಏನೂ ಚೆಲ್ಲಿಲ್ಲ... ಜೆರ್ಮಾನು ಮಗಳು ಬಂದಿದಾಳೆ. ನಿಮಗೊಂದು ವಿಷಯ ಹೇಳಬೇಕು ನಾನು.